ಎಡಕ್ಕೆ ತಿರುಗಿದರೆ

ವಾಂಬೋಗ ಮೂರು ಬಲ್ಬು ಬದಲಿಸಿದ್ದ.
ಮೂರನ್ನೂ ಬೈದು, ಕಳಚಿ
ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಿದ್ದ.

ಎಂಬಾಲೆ ಪೇಟೆಯಲ್ಲಿ ಕತ್ತಲಾಗಿ
ಬಾಳೆಗೊನೆ ಲಾರಿಗಳು ಹೊರಟುಹೋದ ಮೇಲೆ
ಟಾರ್ಚ್ ಹಿಡಿದದ್ದು ನಾನು,
ಹಲ್ಲಲ್ಲಿ ತಂತಿ ಕಚ್ಚಿಕೊಂಡದ್ದು ನಂಬೋಜೋ.

ಫ್ಯೂಸ್ ನೆಟ್ಟಗಿತ್ತು.
ಸ್ವಿಚ್ಚಿನ ಹೊಟ್ಟೆ ಬಿಚ್ಚಿದಳು:
ಒಂದು ಸತ್ತ ಇರುವೆ, ಕೆಂಪು ಧೂಳು.
ಬ್ಯಾಟರಿ ಹನ್ನೆರಡೂವರೆ ವೋಲ್ಟು.
ದೀಪ ಮಾತ್ರ ಉರಿಯುತ್ತಲೇ ಇತ್ತು, ಕಳ್ಳ,
ಡಾಕ್ಟರ ಮುಂದೆ ಕೆಮ್ಮು ಅಡಗಿದ ಹಾಗೆ.

‘ಎಲ್ಲಿ ಆರುತ್ತೆ?’
‘ಮನೆ ಹತ್ತಿರ.’
‘ಮನೆ ಎಡಕ್ಕೋ ಬಲಕ್ಕೋ?’
ಅವನು ಕೈಮಾಡಿ ತೋರಿಸಿದ.

ಹ್ಯಾಂಡಲ್ ಎಡಕ್ಕೆ ಎಳೆದಳು.
ಗೋಡೆಯ ಮೇಲಿನ ಬೆಳಕು ಫಕ್ಕನೆ ಆರಿತು.
ನೇರ ಮಾಡಿದಳು, ಬಂತು.

ಕತ್ತಿನ ಬಳಿ, ದಿನಕ್ಕೆ ಸಾವಿರ ಸಲ ಬಾಗುವಲ್ಲಿ,
ಹೊರಗೆ ಹಸಿರು ತೊಗಲು ಗಟ್ಟಿ,
ಒಳಗೆ ತಾಮ್ರ ತುಂಡು.
ಬೆರಳಿಗಷ್ಟೇ ಗೊತ್ತಾಗುವ ಒಂದು ಮೆದು.

ಕತ್ತರಿಸಿ, ಹೊಸೆದು, ಬೆಸೆದು
ಈ ಸಲ ನಾಲ್ಕು ಬೆರಳು ಸಡಿಲ ಬಿಟ್ಟಳು.

ಆಮೇಲೆ ಕೈ ಚಾಚಿದಳು, ದುಡ್ಡಿಗಲ್ಲ.
ಜೇಬಿನ ಬಲ್ಬುಗಳನ್ನು
ಒಂದೊಂದಾಗಿ ಬ್ಯಾಟರಿಗೆ ಮುಟ್ಟಿಸಿದಳು.
ಮೂರೂ ಉರಿದವು.

ವಾಂಬೋಗ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತ
‘ಒಂದು ನೀನಿಟ್ಟುಕೋ’ ಅಂದ ನನಗೆ.
ಇನ್ನೂ ಬೆಚ್ಚಗಿತ್ತು.