ಗುಂಡಿ ಲೆಕ್ಕ

ಬೆಟಗೇರಿಯೊಳಗ ಮಾಬುಸಾಬನ ಟೇಲರ್ ಅಂಗಡಿ ಮ್ಯಾಲ
ತಗಡಿನ ಖೋಲಿ. ರವಿವಾರ ಮಧ್ಯಾಹ್ನ ಮೂರಕ್ಕ ಆಟ.
ಕೋಟಿನ ಗುಂಡಿ ಹತ್ತು, ಅಂಗಿ ಗುಂಡಿ ಒಂದು,
ಕುಬಸದ ಹುಕ್ಕು ಎಂಟಾಣೆ.
ರೊಕ್ಕ ತಗದರ ಏಣಿ ತಗೀತೀನಿ ಅಂತ
ಮಾಬುಸಾಬ ಮೊದಲ ಹೇಳ್ಯಾನ.

ಅಂದಾನಪ್ಪಜ್ಜಗ ಕಾಗದದಾಗ ಎಪ್ಪತ್ತೊಂಬತ್ತು.
ಅವಗ ನಾನಿನ್ನೂ "ಹುಡುಗಾ".
ತೇಜಸ್, ಸುಹೇಲ, ಇಬ್ಬರಿಗೂ ಮೀಸಿ ಈಗ ಬಂದಾವು,
ಅವರಿಗೆ ನಾನು "ಅಂಕಲ್".
ನಲವತ್ತೇಳರ ನಾನು ಎರಡೂ ಹೆಸರಿಗೆ ಓ ಅಂತೀನಿ,
ಗದಗಿಗೂ ಬೆಟಗೇರಿಗೂ ಒಂದ ನಗರಸಭಾ ಇದ್ಧಾಂಗ.

ಹುಡುಗರು ಫೋನಿನ್ಯಾಗ ಆಟ ಕಲತವರು.
ನಮ್ಮ ರಮ್ಮಿ ಬಿಡಿಸಿ ಪೋಕರ್ ತಂದವರೂ ಅವರ.
ಎರಡು ಎಲಿ ಮುಚ್ಚಿ ಕೈಯಾಗ, ಐದು ತೆರದು ನೆಲಕ್ಕ.
"ಮುಚ್ಚೂದು ಎರಡ ಏನು?
ಮದಿವಿ ಮಾತುಕತ್ಯಾಗ ಇದಕ್ಕಿಂತ ಹೆಚ್ಚ ಮುಚ್ಚತಾರ"
ಅಂದಿದ್ದ ಅಜ್ಜ.

ಇವತ್ತ ಅವ ತಡಾ ಮಾಡಿ ಎಲಿ ಒಗದಾಗ
ತೇಜಸ್ ಮೆಲ್ಲಗ ಅಂದ: "ಬೂಮರ್ ಆಟ."
ಅಜ್ಜನ ಕಿವಿ ಇನ್ನೂ ಚುರುಕು.
"ಬೂಮರ್ ನಾನು ಮಾರೀನಿ ತಮ್ಮಾ,
ಟಾಂಗಾಕೂಟದ ಅಂಗಡ್ಯಾಗ, ರೂಪಾಯಿಗೊಂದು.
ನಿಮ್ಮಪ್ಪ ಜಗದು ಜಗದು
ನನ್ನ ಬೆಂಚಿನ ಬುಡಕ ಹಚ್ಚಿ ಹೋಗತಿದ್ದ.
ಇವನೂ ಇದ್ದ ಜೋಡಿಗೆ. ಕೇಳು ಬೇಕಾದರ."
ನಾನು ಗುಂಡಿ ಎಣಸಾಕ ಶುರು ಮಾಡಿದೆ.

ಸುಹೇಲ ನಕ್ಕು ಬಿಡಿಸಿ ಹೇಳಿದ:
ಇಂಥಾ ಇಸವಿಯಿಂದ ಇಂಥಾ ಇಸವಿತನಕ ಬೂಮರ್,
ಆಮ್ಯಾಲ ಎಕ್ಸ್, ಅದು ಅಂಕಲ್. ನಾವು ಜೆನ್ ಝೀ.
"ಝೀ ಅಂದ್ರ ಯಾವ ಒಳಪಂಗಡ?" ಕೇಳಿದ ಅಜ್ಜ.
"ಮತ್ತ ನನ್ನ ಇಸವಿ ಮಾಸ್ತರ ಬರದದ್ದು.
ಬಲಗೈ ತಲಿ ಮ್ಯಾಲ ಹಾಯಿಸಿ
ಎಡಗಿವಿ ಮುಟ್ಟು ಅಂದರು, ಮುಟ್ಟಿದೆ.
ಜೂನ್ ಒಂದು ಅಂತ ಬರಕೊಂಡರು.
ನಮ್ಮವ್ವ ಅಂತಿದ್ದಳು, ನೀ ಹುಟ್ಟಿದ್ದು
ಎಮ್ಮಿ ಬಾವ್ಯಾಗ ಬಿದ್ದ ವರ್ಷ.
ಆ ವರ್ಷದವರಿಗೆ ನಿಮ್ಮಲ್ಲಿ ಏನಂತಾರ?"
ಸುಹೇಲ ಫೋನ್ ತಗದು ಮತ್ತ ಒಳಗಿಟ್ಟ.

ಮುಂದಿನ ಆಟಕ್ಕ ಅಜ್ಜನ ಕೈಯಾಗ ಎಲಿ ನಡುಗಿದವು.
ಹುಡುಗರು ಕಣ್ಣು ಕೂಡಿಸಿದರು:
ಕೈ ನಡುಗಿದರ ಎಲಿ ಛಲೋ ಬಂದಾವ ಅಂತ
ವಿಡಿಯೋದಾಗ ನೋಡ್ಯಾರ.
ಅಜ್ಜ ಇದ್ದಬದ್ದ ಕೋಟಿನ ಗುಂಡಿ ಎಲ್ಲಾ ಮುಂದ ನೂಕಿದ.
ತೇಜಸ್ ಒಗದ. ಸುಹೇಲ ಒಗದ.
ನನಗ ಗೊತ್ತಿತ್ತು, ಹೋದ ದೀಪಾವಳಿಯಿಂದ
ಆ ಕೈ ಚಾದ ಬಸಿಗೂ ನಡುಗತೈತಿ,
ಅಂಗಿ ಗುಂಡಿ ಹಾಕಾಕ ಸೊಸಿ ಬರಬೇಕು.
ಗೊತ್ತಿದ್ದೂ ನಾನೂ ಒಗದೆ.
ಅಜ್ಜ ತನ್ನ ಎರಡೂ ಎಲಿ ಮುಚ್ಚಿದ್ದಂಗ
ಕಟ್ಟಿನ ನಡುವ ತುರುಕಿ
ಗುಂಡಿ ಬಾಚಕೊಂಡ.

ಮತ್ತ ಹಂಚಿದರು. ನನ್ನ ಎಲಿ ಎತ್ತಿದೆ.
ಎಡಗೈ ಒಂಚೂರು ಅಲ್ಲಾಡಿತು.
ಕೆಳಗ ಮಾಬುಸಾಬನ ಮಶಿನ್ ತಿರಗಾಕತ್ತಿತ್ತು,
ಅಟ್ಟದ ಹಲಗಿ ನಡುಗಿರಬೇಕು.
ತೇಜಸ್ ನೋಡಿದ. ಎಲಿ ಕೆಳಗಿಟ್ಟ.
"ಅಂಕಲ್‌ಗ ಬಂದೈತಿ" ಅಂದ.
ಅಜ್ಜ ನನ್ನ ಕೈ ನೋಡಿದ, ಮಾರಿ ನೋಡಿದ,
ಎರಡು ಕೋಟಿನ ಗುಂಡಿ ನಡುವಿಗೆ ಸರಿಸಿ
"ಆಡು ಹುಡುಗಾ" ಅಂದ.