ಬಾಣದ ಗುರುತಿನ ಆಚೆ

ನವನಗರದ ಸೆಕ್ಟರೊಂದರಲ್ಲಿ
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಅಡತಿ ಅಂಗಡಿಗಳ ಲೆಕ್ಕ ಬರೆಯುವ ನಮ್ಮ ತಂತ್ರಾಂಶ
ಮೂರು ದಿನದಿಂದ ಎದ್ದಿಲ್ಲ.
ಒಂದೇ ಸೂರಿನಡಿ ನಾಲ್ಕು ಸಂಸಾರ:
ತೂಕ, ಪಾವತಿ, ಖಾತೆ,
ಮತ್ತೆ ಮೂವರೂ ಕಡ ತರುವ ಸಾಮಾನು.

ತೂಕ ಕೇಳುತ್ತದೆ: ಸಾಮಾನು ಎಲ್ಲಿ?
ಟರ್ಮಿನಲ್ ಹೇಳುತ್ತದೆ: ಅಂಥದ್ದು ಇಲ್ಲ.
ಇದೆಯಲ್ಲ ಮಾರಾಯ, ಕಣ್ಣೆದುರಿಗೇ ಇದೆಯಲ್ಲ ಹೆಸರು!

ನೋಡ್ ಮಾಡ್ಯೂಲ್ಸ್ ಪೂರಾ ಗುಡಿಸಿ ಹಾಕಿದೆ,
ಲಾಕ್ ಕಡತವನ್ನೂ ಬಿಡಲಿಲ್ಲ.
ಮತ್ತೆ ಇಳಿಸಿಕೊಂಡೆ, ಸಾವಿರದ ಎಂಟುನೂರು ಪೊಟ್ಟಣ,
ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಟ್ಟಿತು,
ಚಹಾ ಆರಿತು.
ಅಂಥದ್ದು ಇಲ್ಲ.

ಹನ್ನೊಂದಕ್ಕೆ ಏದುತ್ತ ಮೆಟ್ಟಿಲು ಹತ್ತಿ ಬಂದರು
ಟಪಾಲಿನ ಲಾಲಸಾಬ.
ಕೆಳಗಿನವರ ರಿಜಿಸ್ಟರ್, ಅವರು ಬೀಗ ಹಾಕಿದ್ದಾರೆ,
ನೀವ ಸಹಿ ಮಾಡ್ರಿ ಬಾಯಿ.
ಲಕೋಟೆಯ ಮೇಲೆ ನೀಲಿ ಶಾಯಿ: ಬಡಿಗೇರ ಓಣಿ, ಬಾಗಲಕೋಟೆ.

‘ಆ ಓಣಿ ಹಿನ್ನೀರಾಗ ಹೋಗಿ ಇಪ್ಪತ್ತು ವರ್ಷಾತಲ್ರಿ?’
‘ಓಣಿ ಹೋಗೇತ್ರಿ. ಬರೆಯೋರ ಕೈ ಹೋಗಿಲ್ಲ.
ಹೊಸಾ ಹುಡುಗ ಮ್ಯಾಲ ಗೀಚಿದ್ದ ನೋಡ್ರಿ,
ಅಂಥಾ ವಿಳಾಸ ಇಲ್ಲ ಅಂತ.
ನಾ ಕಾಟು ಹೊಡದು ತಂದೆ.’

ಸಹಿ ಮಾಡಿದೆ. ಅವರು ನೀರು ಕುಡಿದು ಇಳಿದರು.
ಕೂತವಳು ಉದ್ದ ಪಟ್ಟಿ ತೆಗೆಸಿ ನೋಡಿದೆ, ಸಾಲು ಸಾಲಾಗಿ:
ಹೆಸರು, ಹೆಸರಿನ ಮುಂದೆ ಬಾಣ,
ಬಾಣದ ಮುಂದೆ ದಾರಿ.
ಒಂದು ಸಾಲು ಮಾತ್ರ ಕೆಂಪಗೆ.

ಅದು ತೂಕದ ಹೊಟ್ಟೆಯೊಳಗಿನ ಕೊಂಡಿ,
ಹೋದ ವರ್ಷ ಅವಸರಕ್ಕೆ ನಾನೇ ಕೈಯಾರೆ ಕಟ್ಟಿದ್ದು.
ಯುಗಾದಿಗೆ ಮುಂಚೆ ಸಾಮಾನನ್ನೆಲ್ಲ
ಹಂಚಿಕೆ ಎಂಬ ಹೊಸ ಫೋಲ್ಡರಿಗೆ ಸಾಗಿಸಿದೆವು.
ಎಲ್ಲರಿಗೂ ತಿಳಿಸಿದೆವು,
ಕೊಂಡಿಗೆ ಹೇಳುವವರು ಯಾರು?
ಅದರೊಳಗೆ ಸಾಮಾನೆಂಬುದು ಎಂದೂ ಇರಲಿಲ್ಲ,
ಇದ್ದದ್ದು ಬರೀ ದಾರಿ,
ಬೇಸಿಗೆಯಲ್ಲಿ ಘಟಪ್ರಭೆ ಹಿಂದೆ ಸರಿದಾಗ
ಕೆಸರಲ್ಲಿ ಬುನಾದಿಯ ಕಲ್ಲು ಕಾಣುತ್ತವಲ್ಲ,
ಅಲ್ಲಿಗೆ ಹೋಗಿ ನಿಲ್ಲುವ ದಾರಿ.

ಬಿಚ್ಚಿ ಹೊಸದಾಗಿ ಕಟ್ಟಿದೆ.
ಎದ್ದಿತು! ಎದ್ದದ್ದೇ ಒದರತೊಡಗಿತು:
ಸಾಮಾನು ಎರಡಿವೆ, ಒಂದು ಹೇಳಿದ್ದು ಒಂದಕ್ಕೆ ಕೇಳುತ್ತಿಲ್ಲ.
ಎಲ್ಲಿಂದ ಎರಡು? ಡಿಸ್ಕಿನ ಮೇಲೆ ಇರುವುದು ಒಂದೇ.
ಒಂದೇ ಮನೆಗೆ ಎರಡು ಬಾಗಿಲಿಂದ ಹೋಗಿ
ಎರಡು ಮನೆ ಎಂದು ಎಣಿಸಿಕೊಂಡು ಬಂದಿದೆ ಮೂಢ ಯಂತ್ರ.
ಶಾಂತವ್ವ ಹೂಗಾರಳ ಹೆಸರು ಹೀಗೇ ಬಿದ್ದಿತ್ತಂತೆ
ಹಳೇ ಓಣಿಯ ಪಟ್ಟಿಯಲ್ಲೊಮ್ಮೆ, ಸೆಕ್ಟರಿನ ಪಟ್ಟಿಯಲ್ಲೊಮ್ಮೆ.
‘ಯಾವಾಕಿ ಖರೇ?’ ಎಂದು ಕೇಳಿದ ಗುಮಾಸ್ತನಿಗೆ
‘ಹಸಿವಾದಾಕಿ’ ಅಂದಳಂತೆ.

ಬಾಗಿಲು ನಂಬಬೇಡ, ಕೊನೆಗೆ ಎಲ್ಲಿ ಮುಟ್ಟುತ್ತೀ ಅದನ್ನೇ ಎಣಿಸು:
ಸೆಟ್ಟಿಂಗಿನಲ್ಲಿ ಒಂದು ‘ಹೌದು’ ಇತ್ತು,
‘ಇಲ್ಲ’ ಮಾಡಿದೆ. ಅಷ್ಟೇ.
ತೂಕದ ಪರದೆ ಬಂತು:
ಗೋವಿನಜೋಳ, ಐವತ್ತೆರಡು ಚೀಲ.

ಆಗ ತೇರದಾಳದಿಂದ ಸಮ್ಮೇದನ ಫೋನು.
ಅವನದು ವಿಂಡೋಸು.
‘ಅಕ್ಕಾ, ನನ್ನಲ್ಲಿ ಸಾಮಾನು ಫೋಲ್ಡರ ಅಲ್ಲ.
ಸಣ್ಣ ಕಡತ ಐತಿ, ಒಂದು ಸಾಲಿಂದು.’
ಓದು ಅಂದೆ.
‘ಚುಕ್ಕಿ ಚುಕ್ಕಿ ಗೀಟು, ಚುಕ್ಕಿ ಚುಕ್ಕಿ ಗೀಟು,
ಹಂಚಿಕೆ ಗೀಟು ಸಾಮಾನು.
ಮುಂದ ಏನೂ ಇಲ್ಲ.
ಬರೇ ಲಕೋಟಿ, ಒಳಗ ಕಾಗದ ಇಲ್ಲ.’

ತಡಿ, ಲಾಲಸಾಬರನ್ನ ಕಳಸ್ತೀನಿ ಅಂದೆ.
‘ಯಾರವರು?’ ಅಂದ.
ಬಿಡಿಸಿ ಹೇಳಲಿಲ್ಲ. ಊಟದ ಹೊತ್ತು ಮೀರಿತ್ತು.