ಪಕ್ಕದ ಸೀಟಿನಿಂದ

ಕ್ರಾಸ್ತಾ ಸಾಯುವ ಹಿಂದಿನ ದಿನವೂ ಕೇಳಿದ್ದು ಅದನ್ನೇ:
"ಮುಂದಿನ ತಿರುವು ಎಷ್ಟು?"
ಮೆಗ್ಗಾನ್ ಆಸ್ಪತ್ರೆಯ ಮಂಚಕ್ಕೆ ಚಕ್ರಗಳಿದ್ದವು, ನಿಜ.
"ಎಡ ಮೂರು, ಬಿಗಿ, ಹೊರಗೆ ಜಲ್ಲಿ" ಎಂದೆ,
ಹುಲಿಕಲ್ ಘಾಟಿಯಲ್ಲಿ ಹನ್ನೊಂದು ವರ್ಷ ಕೂಗಿದ ಹಾಗೆ.
ಹೊದಿಕೆಯೊಳಗೆ ಕಾಲು ಬ್ರೇಕು ಹುಡುಕಿತು.

ಭದ್ರಾವತಿಯ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ
ಲಾರಿಯಿಂದ ಇಳಿಸಲು ಎಂಟು ಜನ,
ಅರ್ಥ ಮಾಡಿಕೊಳ್ಳಲು ಇವರೊಬ್ಬರೇ.
ಕೂಲಿಯ ಲೆಕ್ಕವೆಲ್ಲ ಕಾರ್ಡಿನ ತೂತುಗಳಾಯಿತು.
ಒಂದು ತೂತು ತಪ್ಪಿ
ಕುಲುಮೆಯ ಸೆಲ್ವಮುತ್ತುವಿಗೆ ಒಂದು ತಿಂಗಳು
ಮ್ಯಾನೇಜರನ ಸಂಬಳ ಬಂತು.
ವಾಪಸು ಕೇಳಲು ಹೋದವರು
ಅವನ ಮನೆಯಲ್ಲಿ ಮೀನು ಸಾರು ಉಂಡು ಬಂದರು.

ಕೆಟ್ಟ ಕಾರ್ಡುಗಳನ್ನು ಎಸೆಯಲಿಲ್ಲ.
ಒಂದಕ್ಕೊಂದು ಹೊಲಿದು
ಗ್ರೀಸು, ಕೆಮ್ಮಣ್ಣು, ಅರಿಶಿನ ಬಳಿದು ತೂಗುಹಾಕಿದರು.
ಸಾಗರದ ಪ್ರದರ್ಶನದಲ್ಲಿ ಯಾರೋ ಕೇಳಿದರು, ಇದೇನು?
"ಸಂಬಳದ ಪಟ್ಟಿ" ಅಂದರು. ಸುಳ್ಳಲ್ಲ.

ಜನ ವೇಗದ ಮಾತಾಡುತ್ತಾರೆ.
ನಾನು ಕಂಡದ್ದು ತಿರುವಿಗೆ ಮುಂಚಿನ ಆ ಚೂರು ಹೊತ್ತು:
ಉಸಿರು ಹಿಡಿಯುತ್ತಿದ್ದರು,
ಕುಂಚ ಅದ್ದಿ, ಇನ್ನೂ ಹಾಳೆ ಮುಟ್ಟದವರ ಹಾಗೆ.
ಗೆದ್ದದ್ದು ಎರಡೇ ಸಲ.
ಚರಂಡಿಗೆ ಬಿದ್ದದ್ದಕ್ಕೆ ಮಾತ್ರ
ಆ ಲೆಕ್ಕದ ಮನುಷ್ಯ ಲೆಕ್ಕ ಇಡಲಿಲ್ಲ.

ಈಗ ಆ ಕಾರ್ಡಿನ ಪರದೆ ನನ್ನ ಕಿಟಕಿಗೆ.
ಬೆಳಗಿನ ಬಿಸಿಲು ತೂತುಗಳಲ್ಲಿ ತೂರಿ
ನೆಲದ ತುಂಬ ಚುಕ್ಕಿ.
ಮೊಮ್ಮಗಳು ರಂಗೋಲಿ ಅಂದುಕೊಂಡು
ಸೀಮೆಸುಣ್ಣ ಹಿಡಿದು ಸೇರಿಸುತ್ತ ಹೋದಳು.
ಬಾಗಿ ನೋಡಿದೆ: ಎಡ ಮೂರು. ಬಿಗಿ.
ಕೂಗಲು ಬಾಯಿ ತೆರೆಯುವಷ್ಟರಲ್ಲಿ
ಗೆರೆ ಹೊಸ್ತಿಲು ದಾಟಿತ್ತು,
ಚುಕ್ಕಿಯೇ ಇಲ್ಲದ ಕಡೆಗೆ.